ಅಮೂರ್ತ ಕಾರ್ಖಾನೆ ಮತ್ತು ಪ್ರೋಗ್ರಾಮಿಂಗ್ ಭಾಷೆಗಳು

1904ನೆಯ ಇಸವಿ ಫೆಬ್ರವರಿ 7ನೆಯ ತಾರೀಖು, ಭಾನುವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರಕೇಂದ್ರದಲ್ಲಿದ್ದ ಒಂದು ಸರಕಿನ ಮಳಿಗೆಗೆ ಬೆಳಗಿನ ಹೊತ್ತು ಬೆಂಕಿ ಬಿದ್ದಿತು. ಗಾಳಿ ಬಲವಾಗಿದ್ದುದರಿಂದ ಉರಿಯು ಕಟ್ಟಡದಿಂದ ಕಟ್ಟಡಕ್ಕೆ ಬಹು ಬೇಗ ಹಬ್ಬಿತು. ವಾಷಿಂಗ್‌ಟನ್, ಫಿಲಡೆಲ್ಫಿಯ ಮೊದಲಾದ ನಗರಗಳಿಗೆ ಸಹಾಯಕ್ಕಾಗಿ ಕರೆ ಹೋಯಿತು. ಅಲ್ಲಿಂದ ಬೆಂಕಿಯಾರಿಸುವ ಯಂತ್ರಗಳೂ ಜನರೂ ಬಂದರು. ಯಂತ್ರಗಳಿದ್ದುವು, ಕೊಳವೆಗಳಿದ್ದುವು, ಬೀದಿಬೀದಿಯಲ್ಲಿ ನೀರಿನ ನಲ್ಲಿಗಳೂ ಇದ್ದುವು. ಆದರೆ ಹೊರಗಿನಿಂದ ತಂದ ಎಷ್ಟೋ ಕೊಳವೆಗಳ ಬಾಯಿ ಬಾಲ್ಟಿಮೋರಿನ ನಲ್ಲಿಗಳಿಗೆ ಹೊಂದಲಿಲ್ಲ. ಒಂದರ ತಿರುಪು ಇನ್ನೊಂದರ ತಿರುಪಿಗೆ ಕೂಡಲಿಲ್ಲ. ಸುಮಾರು 30 ಗಂಟೆಗಳ ಕಾಲ ಉರಿದ ಆ ಬೆಂಕಿಯಲ್ಲಿ 1500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟು ನೆಲಸಮವಾದುವು. ಅನಂತರ ಅಮೆರಿಕದ ಸರಕಾರದ ಮಾನಕ ಸಂಸ್ಥೆಯವರು ವಿಚಾರಿಸಿ ನೋಡಿದಾಗ, ಆ ದೇಶದಲ್ಲಿ ಕೊಳವೆಗಳ ಜೋಡಣೆಯ ಬಾಯಿಗಳೇ 600ಕ್ಕೂ ಹೆಚ್ಚು ಬಗೆಯವು ಇದ್ದುವೆಂದು ತಿಳಿದುಬಂದಿತು.

ಈ ಪ್ರಸಂಗದಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ವಾಷಿಂಗ್‌ಟನ್ನಿನ ಕೊಳವೆಯಲ್ಲಿ ದೋಷವಿರಲಿಲ್ಲ. ಬಾಲ್ಟಿಮೋರಿನ ನಲ್ಲಿಯಲ್ಲಿಯೂ ದೋಷವಿರಲಿಲ್ಲ. ತಂತಮ್ಮ ಊರಿನಲ್ಲಿ ಅವೆರಡೂ ಚೆನ್ನಾಗಿಯೇ ಕೆಲಸಮಾಡುತ್ತಿದ್ದುವು. ದೋಷವಿದ್ದುದು ಬೇರೆ ಬೇರೆ ಕುಟುಂಬಗಳಿಗೆ ಸೇರಿದ ವಸ್ತುಗಳನ್ನು ಒಂದೆಡೆ ಬೆರೆಸಿದುದರಲ್ಲಿ. ಗಣಕಯಂತ್ರಗಳಿಗೆ ಪ್ರೋಗ್ರಾಮುಗಳನ್ನು ಬರೆಯುವವರನ್ನು ಇಂಥದೇ ತೊಂದರೆ ಕಾಡುತ್ತದೆ. ಅದಕ್ಕೆ ಅವರು ಕಂಡುಕೊಂಡ ಒಂದು ಪರಿಹಾರಕ್ಕೆ ‘ಅಮೂರ್ತ ಕಾರ್ಖಾನೆ’ ಎಂದು ಹೆಸರು. ಹೆಸರು ಕೇಳಿದರೆ ಭಯವಾಗಬಹುದು. ವಿಷಯ ಅಷ್ಟು ಕಠಿಣವಲ್ಲ. ಅದೇನೆಂಬುದನ್ನೂ, ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ತಾಳುವ ರೂಪಗಳನ್ನೂ ಇಲ್ಲಿ ಪರಿಶೀಲಿಸೋಣ.

ವಸ್ತು ಮತ್ತು ವರ್ಗ

ಮೊದಲಲ್ಲಿ ಪ್ರೋಗ್ರಾಮೆಂದರೆ ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಉದ್ದನೆಯ ಪಟ್ಟಿ, ಅಷ್ಟೇ. ಪ್ರೋಗ್ರಾಮುಗಳು ಬೆಳೆದಂತೆಲ್ಲ ಈ ಪಟ್ಟಿಗಳನ್ನು ಅರ್ಥಮಾಡಿಕೊಳ್ಳುವುದೇ ಕಷ್ಟವಾಯಿತು. ನಾರ್ವೆ ದೇಶದ ಆಸ್ಲೋ ನಗರದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬಿಬ್ಬರು 1967ರಲ್ಲಿ ರೂಪಿಸಿದ ‘ಸಿಮ್ಯುಲ 67’ ಎಂಬ ಭಾಷೆಯು ಹೊಸದೊಂದು ದಾರಿಯನ್ನು ತೋರಿಸಿತು. ಒಂದಿಷ್ಟು ಮಾಹಿತಿಯನ್ನೂ, ಆ ಮಾಹಿತಿಯನ್ನು ಬಳಸುವ ಕ್ರಿಯೆಗಳನ್ನೂ ಒಟ್ಟಿಗೆ ಕಟ್ಟಿದರೆ ಅದು ಒಂದು ‘ವಸ್ತು’. ಒಂದೇ ಬಗೆಯ ವಸ್ತುಗಳನ್ನು ತಯಾರಿಸಲು ಬೇಕಾದ ನಕ್ಷೆಯೇ ‘ವರ್ಗ’. ಅಚ್ಚು ಒಂದೇ ಆದರೂ ಅದರಿಂದ ಇಟ್ಟಿಗೆಗಳನ್ನು ಎಷ್ಟು ಬೇಕಾದರೂ ಕೊಯ್ಯಬಹುದಷ್ಟೆ! ಹಾಗೆಯೇ ಒಂದು ವರ್ಗದಿಂದ ಎಷ್ಟು ವಸ್ತುಗಳನ್ನಾದರೂ ಪಡೆಯಬಹುದು.

ಇನ್ನು ನಮ್ಮ ಸಮಸ್ಯೆಗೆ ಬರೋಣ. ಗಣಕಯಂತ್ರದ ತೆರೆಯ ಮೇಲೆ ನಾವು ಕಾಣುವ ವಿಂಡೋ, ಒತ್ತುವ ಬಟನ್, ಪುಟವನ್ನು ಮೇಲೆ ಕೆಳಗೆ ಸರಿಸುವ ಸ್ಕ್ರೋಲ್‌ಬಾರ್, ಆಯ್ಕೆಗಳನ್ನು ತೋರಿಸುವ ಮೆನು, ಇವೆಲ್ಲವೂ ಪ್ರೋಗ್ರಾಮಿನೊಳಗೆ ಒಂದೊಂದು ವಸ್ತು. 1980ರ ದಶಕದ ಕೊನೆಯಲ್ಲಿ ಇವುಗಳಿಗೆ ಒಂದಲ್ಲ, ಹಲವು ಕುಟುಂಬಗಳಿದ್ದುವು. ಯುನಿಕ್ಸ್ ಯಂತ್ರಗಳಲ್ಲಿ ‘ಮೋಟಿಫ್’, ಓಎಸ್/2 ಎಂಬ ವ್ಯವಸ್ಥೆಯಲ್ಲಿ ‘ಪ್ರೆಸೆಂಟೇಷನ್ ಮ್ಯಾನೇಜರ್’, ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ‘ಮೆಕಿಂಟಾಷ್’ ಶೈಲಿ. ಪ್ರತಿಯೊಂದು ಕುಟುಂಬಕ್ಕೂ ತನ್ನದೇ ಆದ ರೂಪು, ತನ್ನದೇ ಆದ ನಡವಳಿಕೆ. ಒಂದು ಪ್ರೋಗ್ರಾಮು ಈ ಮೂರರಲ್ಲಿಯೂ ನಡೆಯಬೇಕೆಂದು ಇಟ್ಟುಕೊಳ್ಳಿ. ಸಾಮಾನ್ಯನಾದ ಪ್ರೋಗ್ರಾಮು ಬರಹಗಾರನು ಮಾಡುವುದೇನು? ಬಟನ್ ಬೇಕಾದ ಪ್ರತಿಯೊಂದು ಕಡೆಯಲ್ಲಿಯೂ ‘ಇದು ಮೋಟಿಫ್ ಆದರೆ ಮೋಟಿಫ್ ಬಟನ್ ಮಾಡು, ಮೆಕಿಂಟಾಷ್ ಆದರೆ ಮೆಕಿಂಟಾಷ್ ಬಟನ್ ಮಾಡು’ ಎಂದು ಬರೆಯುತ್ತಾನೆ. ದೊಡ್ಡ ಪ್ರೋಗ್ರಾಮಿನಲ್ಲಿ ಇಂಥ ಸ್ಥಳಗಳು ನೂರಾರು. ಅವುಗಳಲ್ಲಿ ಒಂದನ್ನು ಮರೆತರೂ ಸಾಕು, ಮೋಟಿಫ್ ವಿಂಡೋದೊಳಕ್ಕೆ ಮೆಕಿಂಟಾಷ್ ಸ್ಕ್ರೋಲ್‌ಬಾರ್ ಬಂದು ಕುಳಿತುಕೊಳ್ಳುತ್ತದೆ. ಬಾಲ್ಟಿಮೋರಿನ ನಲ್ಲಿಗೆ ವಾಷಿಂಗ್‌ಟನ್ನಿನ ಕೊಳವೆಯನ್ನು ಹಿಡಿದಂತೆಯೇ ಸರಿ!

ಕಾರ್ಖಾನೆಯ ಉಪಾಯ

ವಾಸ್ತುಶಿಲ್ಪಿ ಕ್ರಿಸ್ಟಫರ್ ಅಲೆಕ್ಸಾಂಡರ್ 1977ರಲ್ಲಿ ತನ್ನ ಜೊತೆಗಾರರೊಡನೆ ಒಂದು ಗ್ರಂಥವನ್ನು ಪ್ರಕಟಿಸಿದನು. ಮನೆ, ಬೀದಿ, ಊರುಗಳನ್ನು ಕಟ್ಟುವಾಗ ಮತ್ತೆ ಮತ್ತೆ ತಲೆದೋರುವ ಸಮಸ್ಯೆಗಳನ್ನೂ ಅವುಗಳಿಗೆ ತಕ್ಕ ಪರಿಹಾರಗಳನ್ನೂ ಅದರಲ್ಲಿ 253 ಮಾದರಿಗಳಾಗಿ ವಿಂಗಡಿಸಿತ್ತು. ಈ ಆಲೋಚನೆಯನ್ನು ಪ್ರೋಗ್ರಾಮುಗಳಿಗೂ ಅನ್ವಯಿಸಿ ಎರಿಕ್ ಗಾಮ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೀಸ್ ಎಂಬ ನಾಲ್ವರು 1994ರಲ್ಲಿ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಗ್ರಂಥವನ್ನು ಹೊರತಂದರು. ಅದರಲ್ಲಿರುವ ವಿನ್ಯಾಸ ಮಾದರಿಗಳು 23. ಅಮೂರ್ತ ಕಾರ್ಖಾನೆಯು ಅವುಗಳಲ್ಲೊಂದು. ಅದನ್ನು ವಿವರಿಸಲು ಅವರು ಆರಿಸಿಕೊಂಡ ಉದಾಹರಣೆಯೂ ಮೇಲೆ ಹೇಳಿದ ಮೋಟಿಫ್ ಮತ್ತು ಪ್ರೆಸೆಂಟೇಷನ್ ಮ್ಯಾನೇಜರುಗಳದೇ.

ಉಪಾಯವು ಹೀಗಿದೆ. ಪ್ರೋಗ್ರಾಮಿನ ಮುಖ್ಯಭಾಗವು ವಸ್ತುಗಳನ್ನು ತಾನಾಗಿ ತಯಾರಿಸಕೂಡದು. ತಯಾರಿಸುವ ಕೆಲಸಕ್ಕೆ ‘ಕಾರ್ಖಾನೆ’ ಎಂಬ ಬೇರೊಂದು ವಸ್ತುವನ್ನು ನೇಮಿಸಬೇಕು. ಮುಖ್ಯಭಾಗವು ಅದನ್ನು ‘ಒಂದು ಬಟನ್ ಕೊಡು’, ‘ಒಂದು ಮೆನು ಕೊಡು’ ಎಂದು ಕೇಳುವುದೇ ಹೊರತು ಯಾವ ಕುಟುಂಬದ ಬಟನ್ ಎಂದು ಹೇಳುವುದಿಲ್ಲ. ಮೋಟಿಫ್ ಕಾರ್ಖಾನೆಯು ಮೋಟಿಫ್ ವಸ್ತುಗಳನ್ನು ಮಾತ್ರ ಕೊಡುತ್ತದೆ. ಮೆಕಿಂಟಾಷ್ ಕಾರ್ಖಾನೆಯು ಮೆಕಿಂಟಾಷ್ ವಸ್ತುಗಳನ್ನು ಮಾತ್ರ ಕೊಡುತ್ತದೆ. ಯಾವ ಕಾರ್ಖಾನೆಯನ್ನು ನೇಮಿಸಬೇಕೆಂಬ ನಿರ್ಧಾರವು ಪ್ರೋಗ್ರಾಮಿನ ಪ್ರಾರಂಭದಲ್ಲಿ, ಒಂದೇ ಒಂದು ಸ್ಥಳದಲ್ಲಿ ನಡೆಯುತ್ತದೆ. ನೂರಾರು ಕಡೆ ಇದ್ದ ಪ್ರಶ್ನೆಯು ಒಂದೇ ಕಡೆಗೆ ಬಂದು ನಿಂತುದರಿಂದ ಮರೆವಿಗೆ ಅವಕಾಶ ತಪ್ಪಿತು.

ಇಲ್ಲಿ ‘ಅಮೂರ್ತ’ ಎಂಬ ವಿಶೇಷಣವೇಕೆ? ಯಾವುದೇ ಕುಟುಂಬದ ಕಾರ್ಖಾನೆಯಾದರೂ ಏನೇನನ್ನು ಕೊಡಲೇಬೇಕೆಂಬ ಒಡಂಬಡಿಕೆಯನ್ನು ಮೊದಲು ಬರೆದಿಡಲಾಗುತ್ತದೆ. ಈ ಒಡಂಬಡಿಕೆಯು ತಾನಾಗಿ ಏನನ್ನೂ ತಯಾರಿಸದು. ಅದು ಕಾರ್ಖಾನೆಯ ಕಲ್ಪನೆ ಮಾತ್ರ. ಆದಕಾರಣ ಅದು ಅಮೂರ್ತ. ಅದನ್ನು ಪಾಲಿಸಿ ನಿಜವಾಗಿ ವಸ್ತುಗಳನ್ನು ತಯಾರಿಸುವ ಮೋಟಿಫ್ ಕಾರ್ಖಾನೆ, ಮೆಕಿಂಟಾಷ್ ಕಾರ್ಖಾನೆ ಮುಂತಾದುವು ಮೂರ್ತ. ಇದೇ ಪ್ರಕಾರ ‘ಬಟನ್’ ಎಂಬ ಅಮೂರ್ತ ಕಲ್ಪನೆಯೊಂದು, ಅದನ್ನು ಪಾಲಿಸುವ ಮೂರ್ತ ಬಟನ್ನುಗಳು ಮೂರು.

ಲಾಭ ನಷ್ಟಗಳ ಲೆಕ್ಕ

ಯಾವ ಉಪಾಯಕ್ಕೂ ಬೆಲೆಯುಂಟು. ಇದರ ಬೆಲೆಯನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಕುಟುಂಬಗಳು 3, ವಸ್ತುವಿನ ಬಗೆಗಳು 4. ಮೂರ್ತ ವಸ್ತುಗಳ ವರ್ಗಗಳು 3 × 4 = 12. ಅವುಗಳ ಅಮೂರ್ತ ಕಲ್ಪನೆಗಳು 4. ಮೂರ್ತ ಕಾರ್ಖಾನೆಗಳು 3. ಅಮೂರ್ತ ಕಾರ್ಖಾನೆ 1. ಒಟ್ಟು 20 ವರ್ಗಗಳಾದುವು. ಈಗ ನಾಲ್ಕನೆಯದೊಂದು ಕುಟುಂಬವು ಬಂದಿತೆನ್ನೋಣ. 4 ಹೊಸ ವಸ್ತುವರ್ಗಗಳನ್ನೂ 1 ಹೊಸ ಕಾರ್ಖಾನೆಯನ್ನೂ ಬರೆದರೆ ಮುಗಿಯಿತು. ಪ್ರಾರಂಭದಲ್ಲಿ ಕಾರ್ಖಾನೆಯನ್ನು ಆರಿಸುವ ಆ ಒಂದು ಸ್ಥಳವನ್ನು ಬಿಟ್ಟರೆ ಹಳೆಯದರಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಆದರೆ ಕುಟುಂಬದ ಬದಲು ಐದನೆಯ ಬಗೆಯ ವಸ್ತುವೊಂದು ಬೇಕಾಯಿತೆನ್ನಿ. ಆಗ 3 ಮೂರ್ತ ವರ್ಗಗಳನ್ನೂ 1 ಅಮೂರ್ತ ವರ್ಗವನ್ನೂ ಹೊಸದಾಗಿ ಬರೆಯುವುದಲ್ಲದೆ, ಒಡಂಬಡಿಕೆಯನ್ನು ತಿದ್ದಬೇಕು. ಅದನ್ನು ಪಾಲಿಸುವ 3 ಕಾರ್ಖಾನೆಗಳನ್ನೂ ತಿದ್ದಬೇಕು. ಕಾರ್ಖಾನೆಗಳನ್ನು ಬೇರೆ ಬೇರೆ ಜನರು ಬರೆದಿದ್ದರೆ ಅವರೆಲ್ಲರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಸಾರಾಂಶವೇನೆಂದರೆ: ಹೊಸ ಕುಟುಂಬವನ್ನು ಸೇರಿಸುವುದು ಸುಲಭ, ಹೊಸ ಬಗೆಯನ್ನು ಸೇರಿಸುವುದು ಕಷ್ಟ. ಗ್ರಂಥಕರ್ತರೂ ಈ ಕೊರತೆಯನ್ನು ಮುಚ್ಚಿಡದೆ ಹೇಳಿದ್ದಾರೆ. ಮುಂದೆ ಹೆಚ್ಚುವುದು ಕುಟುಂಬಗಳೋ ಬಗೆಗಳೋ ಎಂಬುದನ್ನು ಮೊದಲೇ ಆಲೋಚಿಸಿದ ಬಳಿಕವೇ ಈ ಮಾದರಿಗೆ ಕೈಹಾಕುವುದು ವಿವೇಕ.

ಭಾಷೆ ಬದಲಾದಂತೆ ರೂಪ

ಮೇಲೆ ಹೇಳಿದ ಉದ್ದೇಶವು ಎಲ್ಲ ಭಾಷೆಗಳಲ್ಲಿಯೂ ಒಂದೇ. ಆದರೆ ಕುಟುಂಬದ ಎಲ್ಲೆಯನ್ನು ಕಾಯುವ ಕಾವಲುಗಾರನು ಮಾತ್ರ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತಾನೆ.

ಸಿ++ ಭಾಷೆಯನ್ನು ಬೆಲ್ ಪ್ರಯೋಗಶಾಲೆಯಲ್ಲಿ ಬಿಯಾರ್ನೆ ಸ್ಟ್ರೌಸ್ಟ್ರಪ್ ಎಂಬಾತನು 1979ರಲ್ಲಿ ಪ್ರಾರಂಭಿಸಿದನು. 1985ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಈ ಭಾಷೆಯಲ್ಲಿ ಅಮೂರ್ತ ವರ್ಗವನ್ನು ಬರೆಯುವ ಸೌಕರ್ಯವುಂಟು. ಅದರಲ್ಲಿ ಕ್ರಿಯೆಗಳ ಹೆಸರುಗಳಷ್ಟೇ ಇದ್ದು ಒಳಗಿನ ವಿವರಗಳಿರುವುದಿಲ್ಲ. ಮೂರ್ತ ಕಾರ್ಖಾನೆಯೊಂದು ಮೆನುವನ್ನು ತಯಾರಿಸುವ ಕ್ರಿಯೆಯನ್ನು ಬರೆಯಲು ಮರೆತಿದ್ದರೆ, ಆ ಕಾರ್ಖಾನೆಯನ್ನು ನೇಮಿಸಲು ಕಂಪೈಲರ್ ಒಪ್ಪುವುದಿಲ್ಲ. ಕಂಪೈಲರ್ ಎಂದರೆ ನಾವು ಬರೆದುದನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ಪ್ರೋಗ್ರಾಮು. ಅದೇ ಇಲ್ಲಿ ಪರೀಕ್ಷಕನೂ ಆಗುತ್ತದೆ. ಹೀಗಾಗಿ ತಪ್ಪು ಪ್ರೋಗ್ರಾಮು ನಡೆಯುವುದಕ್ಕೆ ಮೊದಲೇ ಸಿಕ್ಕಿಬೀಳುತ್ತದೆ.

1995ರಲ್ಲಿ ಪ್ರಕಟವಾದ ಜಾವ ಭಾಷೆಯಲ್ಲಿ ಒಡಂಬಡಿಕೆಗೆ ‘ಇಂಟರ್‌ಫೇಸ್’ ಎಂಬ ಪ್ರತ್ಯೇಕ ಪದವೇ ಇದೆ. 1996ರ ಅದರ ಮೊದಲ ಆವೃತ್ತಿಯಲ್ಲಿ ತೆರೆಯ ಮೇಲಿನ ವಸ್ತುಗಳಿಗಾಗಿ ‘ಟೂಲ್‌ಕಿಟ್’ ಎಂಬ ಅಮೂರ್ತ ವರ್ಗವೊಂದಿದ್ದಿತು. ಬಟನ್, ಸ್ಕ್ರೋಲ್‌ಬಾರ್, ಮೆನು ಮುಂತಾದುವಕ್ಕೆ ಆಯಾ ಯಂತ್ರಕ್ಕೆ ತಕ್ಕ ಅಂಗಗಳನ್ನು ತಯಾರಿಸಿಕೊಡುವುದು ಅದರ ಕೆಲಸವಾಗಿತ್ತು. ಇದು ಅಮೂರ್ತ ಕಾರ್ಖಾನೆಯಲ್ಲದೆ ಬೇರೆಯಲ್ಲ. ತೆರೆಯ ಹೊರಗೂ ಈ ಮಾದರಿಯು ಬಳಕೆಯಲ್ಲಿದೆ. ಸಿ ಶಾರ್ಪ್ ಭಾಷೆಯವರು ಬಳಸುವ ಡಾಟ್‌ನೆಟ್ ವ್ಯವಸ್ಥೆಗೆ 2005ರಲ್ಲಿ ಸೇರಿದ ಒಂದು ಕಾರ್ಖಾನೆಯು, ಒಂದೊಂದು ಬಗೆಯ ದತ್ತಸಂಚಯಕ್ಕೂ ಸಂಪರ್ಕ, ಆಜ್ಞೆ, ಆಜ್ಞೆಯೊಡನೆ ಕಳುಹಿಸುವ ಮೌಲ್ಯ ಎಂಬ ವಸ್ತುಗಳನ್ನು ಒಂದೇ ಕುಟುಂಬದಿಂದ ಒದಗಿಸುತ್ತದೆ. ಒಂದು ದತ್ತಸಂಚಯದ ಆಜ್ಞೆಯನ್ನು ಮತ್ತೊಂದರ ಸಂಪರ್ಕದ ಮೂಲಕ ಕಳುಹಿಸಿದರೆ ಕೆಲಸ ಕೆಡುವುದೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಮೇಲಿನ ಭಾಷೆಗಳಲ್ಲಿ ಕಾರ್ಖಾನೆಯು ಕೊಡುವುದು ‘ಯಾವುದೋ ಒಂದು ಬಟನ್’. ಅದು ಮೋಟಿಫ್ ಕುಟುಂಬದ್ದೆಂಬುದು ಕಂಪೈಲರಿಗೆ ತಿಳಿಯದು. ಆದುದರಿಂದ ಅಜಾಗರೂಕನೊಬ್ಬನು ಒಂದೇ ಪ್ರೋಗ್ರಾಮಿನಲ್ಲಿ ಎರಡು ಕಾರ್ಖಾನೆಗಳನ್ನು ನೇಮಿಸಿ, ಒಂದರ ಬಟನ್ನನ್ನು ಮತ್ತೊಂದರ ವಿಂಡೋದಲ್ಲಿ ಇಟ್ಟರೆ ಕಂಪೈಲರ್ ಆಕ್ಷೇಪಿಸುವುದಿಲ್ಲ. ಒಡಂಬಡಿಕೆ ಪೂರ್ಣವಾಗಿದೆಯೇ ಎಂಬುದನ್ನು ಕಂಪೈಲರ್ ಕಾಯುತ್ತದೆ. ಕುಟುಂಬಗಳು ಬೆರೆಯದಂತೆ ಕಾಯುವುದು ‘ಕಾರ್ಖಾನೆ ಒಂದೇ ಇರಲಿ’ ಎಂಬ ಬರೆಯುವವನ ಶಿಸ್ತು. ಈ ಎರಡನ್ನೂ ಒಂದೆಂದು ಭಾವಿಸುವ ವಿದ್ಯಾರ್ಥಿಗಳು ಅನೇಕರಿದ್ದಾರೆ.

ಸ್ಮಾಲ್‌ಟಾಕ್ ಭಾಷೆಯ ರೀತಿಯೇ ಬೇರೆ. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಹುಟ್ಟಿದ ಈ ಭಾಷೆಯಲ್ಲಿ ವರ್ಗವೂ ಒಂದು ವಸ್ತುವೇ. ಅಂದರೆ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಅಚ್ಚನ್ನೂ ದಾಟಿಸಬಹುದು. ಹೀಗಿರುವಾಗ ಕಾರ್ಖಾನೆಗೆ ಬೇರೆ ಬೇರೆ ವರ್ಗಗಳೇ ಬೇಡ. ‘ಬಟನ್’ ಎಂಬ ಹೆಸರಿನ ಮುಂದೆ ಮೋಟಿಫ್ ಬಟನ್ನಿನ ವರ್ಗ, ‘ಮೆನು’ ಎಂಬ ಹೆಸರಿನ ಮುಂದೆ ಮೋಟಿಫ್ ಮೆನುವಿನ ವರ್ಗ, ಹೀಗೆ ಒಂದು ಪಟ್ಟಿಯನ್ನು ಮಾಡಿಟ್ಟರೆ ಆ ಪಟ್ಟಿಯೇ ಕಾರ್ಖಾನೆ! 1991ರಲ್ಲಿ ಗೈಡೊ ವಾನ್ ರಾಸಮ್ ಪ್ರಕಟಿಸಿದ ಪೈಥಾನ್ ಭಾಷೆಯಲ್ಲಿಯೂ ಇದೇ ವಿಧಾನವು ಸಾಧ್ಯ. ಅದರಲ್ಲಿ ಅಮೂರ್ತ ಕಲ್ಪನೆಗಳನ್ನು ಬರೆಯಲೇಬೇಕೆಂಬ ನಿರ್ಬಂಧವಿಲ್ಲ; ಒತ್ತಿದಾಗ ಬಟನ್ನಿನಂತೆ ವರ್ತಿಸುವುದೆಲ್ಲವೂ ಬಟನ್ನೇ. ನಮ್ಮ ಲೆಕ್ಕದ 20 ವರ್ಗಗಳು ಇಲ್ಲಿ 12 ವರ್ಗಗಳೂ 3 ಸಣ್ಣ ಪಟ್ಟಿಗಳೂ ಆಗಿ ಕುಗ್ಗುತ್ತವೆ.

ಪೀಟರ್ ನಾರ್ವಿಗ್ ಎಂಬ ವಿಜ್ಞಾನಿಯು 1996ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಆ ಗ್ರಂಥದ 23 ಮಾದರಿಗಳ ಪೈಕಿ 16 ಮಾದರಿಗಳು ಲಿಸ್ಪ್, ಡಿಲನ್ ಎಂಬ ಭಾಷೆಗಳಲ್ಲಿ, ಕೆಲವು ಉಪಯೋಗಗಳ ಮಟ್ಟಿಗಾದರೂ, ತೀರ ಸರಳವಾಗುತ್ತವೆ ಇಲ್ಲವೆ ಕಣ್ಣಿಗೇ ಕಾಣದಂತಾಗುತ್ತವೆ ಎಂದು ತೋರಿಸಿದನು. ಆ ಹದಿನಾರರಲ್ಲಿ ಅಮೂರ್ತ ಕಾರ್ಖಾನೆಯೂ ಸೇರಿತ್ತು. ಆದರೆ ಸರಳತೆಗೂ ಬೆಲೆಯುಂಟು. ಪಟ್ಟಿಯಲ್ಲಿ ಮೆನುವಿನ ಹೆಸರು ಬಿಟ್ಟುಹೋಗಿದ್ದರೆ ಅದು ತಿಳಿಯುವುದು ಪ್ರೋಗ್ರಾಮು ನಡೆಯುತ್ತಿರುವಾಗ, ಯಾರೋ ಮೆನುವನ್ನು ಕೇಳಿದ ಗಳಿಗೆಯಲ್ಲಿ. ಕಾವಲುಗಾರನು ಇಲ್ಲಿ ಕಂಪೈಲರ್ ಅಲ್ಲ. ಮುಂಚಿತವಾಗಿ ನಡೆಸುವ ಪರೀಕ್ಷೆಗಳು.

1972ರ ಸುಮಾರಿಗೆ ಡೆನಿಸ್ ರಿಚಿಯು ರೂಪಿಸಿದ ಸಿ ಭಾಷೆಯಲ್ಲಿ ವರ್ಗಗಳೇ ಇಲ್ಲ. ಹಾಗಿದ್ದರೂ ಕಾರ್ಖಾನೆಯನ್ನು ಕಟ್ಟಬಹುದು. ಕ್ರಿಯೆಯೊಂದು ಸ್ಮೃತಿಕೋಶದಲ್ಲಿ ಎಲ್ಲಿದೆಯೆಂಬ ವಿಳಾಸವನ್ನು ಇಟ್ಟುಕೊಳ್ಳುವುದು ಆ ಭಾಷೆಯಲ್ಲಿ ಸಾಧ್ಯ. ಇಂಥ ನಾಲ್ಕು ವಿಳಾಸಗಳನ್ನು ಒಂದು ಕಂತೆಯಾಗಿ ಕಟ್ಟಿದರೆ ಕಾರ್ಖಾನೆಯಾಯಿತು. ಒಂದು ವಿಳಾಸವನ್ನು ತುಂಬಲು ಮರೆತರೆ ಕಂಪೈಲರ್ ತಡೆಯುವುದಿಲ್ಲ. ಆ ಖಾಲಿ ವಿಳಾಸಕ್ಕೆ ಕರೆಹೋದಾಗ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲಿಯೇ ಕುಸಿದುಬೀಳುತ್ತದೆ. ಇಲ್ಲಿ ಕಾವಲುಗಾರನು ಬರೆಯುವವನೊಬ್ಬನೇ.

ಈಚಿನ ಭಾಷೆಗಳಲ್ಲಿ ಎರಡನ್ನು ನೋಡೋಣ. ಗೂಗಲ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಗೋ ಭಾಷೆಯಲ್ಲಿ ಒಂದು ವರ್ಗವು ಮತ್ತೊಂದರಿಂದ ಗುಣಗಳನ್ನು ವಂಶಪಾರಂಪರ್ಯವಾಗಿ ಪಡೆಯುವ ಪದ್ಧತಿಯಿಲ್ಲ. ಒಡಂಬಡಿಕೆ ಮಾತ್ರ ಉಂಟು. ‘ನಾನು ಈ ಒಡಂಬಡಿಕೆಯನ್ನು ಪಾಲಿಸುತ್ತೇನೆ’ ಎಂದು ಯಾರೂ ಘೋಷಿಸಬೇಕಾಗಿಲ್ಲ. ಬೇಕಾದ ಕ್ರಿಯೆಗಳೆಲ್ಲ ಇದ್ದರೆ ಪಾಲಿಸಿದಂತೆಯೇ ಎಂದು ಕಂಪೈಲರ್ ತಾನೇ ನೋಡಿ ಒಪ್ಪಿಕೊಳ್ಳುತ್ತದೆ.

2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಅವಕಾಶ ಕೊಡುತ್ತದೆ. ‘ಈ ಕಾರ್ಖಾನೆಗೆ ಸೇರಿದ ಬಟನ್’, ‘ಈ ಕಾರ್ಖಾನೆಗೆ ಸೇರಿದ ವಿಂಡೋ’ ಎಂಬ ಸಂಬಂಧವನ್ನೇ ಒಡಂಬಡಿಕೆಯೊಳಗೆ ಬರೆಯಬಹುದು. ಹಾಗೆ ಬರೆದಾಗ ಮೋಟಿಫ್ ವಿಂಡೋದಲ್ಲಿ ಮೆಕಿಂಟಾಷ್ ಬಟನ್ನನ್ನು ಇಡಹೊರಟರೆ ಕಂಪೈಲರ್ ಒಪ್ಪುವುದಿಲ್ಲ. ಸಿ++, ಜಾವಗಳ ಸಾಮಾನ್ಯ ರೂಪದಲ್ಲಿ ಶಿಸ್ತಿಗೆ ಬಿಟ್ಟಿದ್ದ ಕಾವಲನ್ನು ಇಲ್ಲಿ ಯಂತ್ರವೇ ವಹಿಸಿಕೊಳ್ಳುತ್ತದೆ. ಆದರೆ ಈ ವಿಧಾನದಲ್ಲಿ ಪ್ರತಿಯೊಂದು ಕುಟುಂಬಕ್ಕೂ ಪ್ರೋಗ್ರಾಮಿನ ಆಯಾ ಭಾಗದ ಪ್ರತ್ಯೇಕ ಪ್ರತಿಯೊಂದು ಸಿದ್ಧವಾಗುತ್ತದೆ. ಪ್ರೋಗ್ರಾಮು ನಡೆಯುತ್ತಿರುವಾಗಲೇ ಕುಟುಂಬವನ್ನು ಬದಲಾಯಿಸುವುದು ಕಷ್ಟವಾಗುತ್ತದೆ.

ಯಾವಾಗ ಬೇಕು, ಯಾವಾಗ ಬೇಡ

ಇಷ್ಟನ್ನು ತಿಳಿದ ಮೇಲೆ ವಿದ್ಯಾರ್ಥಿಯು ಒಂದು ಮಾತನ್ನು ನೆನಪಿಡಬೇಕು. ಪುಸ್ತಕದಲ್ಲಿರುವ ಚಿತ್ರವನ್ನು ಕಂಠಪಾಠಮಾಡಿ, ಅದರಲ್ಲಿದ್ದಷ್ಟೇ ವರ್ಗಗಳನ್ನು ಪೈಥಾನ್‌ನಲ್ಲಿಯೂ ಬರೆಯುವುದು ಮಾದರಿಯನ್ನು ಅರಿತ ಲಕ್ಷಣವಲ್ಲ. ಆ ಚಿತ್ರವು ಸಿ++ನಂಥ ಭಾಷೆಯು ಆ ಉಪಾಯಕ್ಕೆ ಕೊಟ್ಟ ಉಡುಪು. ಉಡುಪನ್ನು ಬಿಟ್ಟು ಉಪಾಯವನ್ನು ಹಿಡಿಯಬೇಕು. ಅದಕ್ಕಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಜೊತೆಯಾಗಿಯೇ ಇರಬೇಕಾದ ವಸ್ತುಗಳು ಇಲ್ಲಿವೆಯೆ? ಅಂಥ ಕುಟುಂಬಗಳು ಒಂದಕ್ಕಿಂತ ಹೆಚ್ಚಾಗಿವೆಯೆ? ಅವು ಬೆರೆತರೆ ಹಾನಿಯುಂಟೆ? ಮೂರಕ್ಕೂ ಹೌದೆಂದು ಉತ್ತರ ಬಂದರೆ ಮಾತ್ರ ಕಾರ್ಖಾನೆ ಬೇಕು. ಕುಟುಂಬವು ಒಂದೇ ಆಗಿದ್ದರೆ ಅದು ವ್ಯರ್ಥ ಶ್ರಮ, ಓದುವವನಿಗೂ ಗೋಜಲು. ಬೇಕೆಂದು ಗೊತ್ತಾದ ಮೇಲೆ ಕೇಳತಕ್ಕ ನಾಲ್ಕನೆಯ ಪ್ರಶ್ನೆಯೊಂದಿದೆ: ‘ನನ್ನ ಭಾಷೆಯಲ್ಲಿ ಎಲ್ಲೆಯನ್ನು ಕಾಯುವವರು ಯಾರು? ಕಂಪೈಲರೋ, ಪರೀಕ್ಷೆಯೋ, ನಾನೋ?’

ಬಾಲ್ಟಿಮೋರಿನ ಬೆಂಕಿಯ ತರುವಾಯ, 1905ರಲ್ಲಿ, ಅಮೆರಿಕದ ಅಗ್ನಿನಿವಾರಣಾ ಸಂಘವು ಕೊಳವೆಗಳ ಬಾಯಿಗೆ ಇಡೀ ದೇಶಕ್ಕೆ ಅನ್ವಯಿಸುವಂಥ ಒಂದೇ ಅಳತೆಯನ್ನು ಗೊತ್ತುಮಾಡಿತು. ಕುಟುಂಬಗಳನ್ನೆಲ್ಲ ಒಂದುಗೂಡಿಸುವುದು ಅತ್ಯುತ್ತಮ ಪರಿಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರೂ ಒಂದಾಗುವುದಕ್ಕೆ ಕಾಲ ಬೇಕು. 1991ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಮಂದಿ ಸತ್ತರು. ಅಲ್ಲಿಯೂ ನಲ್ಲಿಗಳ ಬಾಯಿ 3 ಅಂಗುಲವಿದ್ದು, ಸಹಾಯಕ್ಕೆ ಬಂದವರ ಎರಡೂವರೆ ಅಂಗುಲದ ಕೊಳವೆಗಳಿಗೆ ನೇರವಾಗಿ ಹೊಂದದೆ ತೊಂದರೆಯಾಯಿತು. ಬಾಲ್ಟಿಮೋರಿನಿಂದ ಅಲ್ಲಿಗೆ 87 ವರ್ಷ! ಜಗತ್ತು ಒಂದೇ ಅಳತೆಗೆ ಒಪ್ಪುವವರೆಗೆ ಹಲವು ಅಳತೆಗಳೊಡನೆ ನಾವು ಬಾಳಬೇಕಾಗಿದೆ. ಒಂದು ಕಡೆಯಿಂದ ಪಡೆದ ವಸ್ತುಗಳೆಲ್ಲ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದೇ ಅಲ್ಲಿಯವರೆಗಿನ ದಾರಿ. ಅಮೂರ್ತ ಕಾರ್ಖಾನೆಯ ಕೆಲಸವು ಅಷ್ಟೇ.